ಬಫರ್ ಪಿಎಚ್ ಬದಲಾವಣೆಯನ್ನು ತಡೆಯುತ್ತದೆಯೋ, ತಡೆದುಕೊಳ್ಳುತ್ತದೆಯೋ?

ಎಲ್ಲರಿಗೂ ನಮಸ್ಕಾರ. ರಸಾಯನಶಾಸ್ತ್ರದ ಪಾಠವೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬಫರ್ ದ್ರಾವಣದ ಭಾಗದಲ್ಲಿ (ಸ್ವಲ್ಪ ಆಮ್ಲ ಅಥವಾ ಪ್ರತ್ಯಾಮ್ಲ ಸೇರಿಸಿದರೂ ಪಿಎಚ್, ಅಂದರೆ ಆಮ್ಲೀಯತೆಯ ಅಳತೆ, ಹೆಚ್ಚು ಬದಲಾಗದ ದ್ರಾವಣ ಇದು) ಎರಡು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಿತ್ತು. ಬಫರ್ ಅನ್ನುವ ಪದಕ್ಕೆ ನನ್ನ ತಕರಾರಿಲ್ಲ, ಅದು ಹಾಗೇ ಇರಲಿ. ತೊಡಕಿರುವುದು 'ಬಫರ್ ಪಿಎಚ್ ಬದಲಾವಣೆಯನ್ನು ತಡೆಯುತ್ತದೆ' ಅನ್ನುವ ವಾಕ್ಯದಲ್ಲಿ.

ತಡೆಯುತ್ತದೆ ಅಂದಕೂಡಲೇ ಪಿಎಚ್ ಕದಲುವುದೇ ಇಲ್ಲ ಅಂತ ಅರ್ಥವಾಗುತ್ತದೆ, ಅಲ್ವಾ? ಅದು ನಿಜವಲ್ಲ. ಒಂದು ಲೀಟರ್ ಶುದ್ಧ ನೀರಿಗೆ 0.01 ಮೋಲ್ ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿದರೆ ಪಿಎಚ್ 7ರಿಂದ ನೇರವಾಗಿ 2ಕ್ಕೆ ಇಳಿಯುತ್ತದೆ. ಅಸಿಟಿಕ್ ಆಮ್ಲ 0.1 ಮೋಲ್, ಸೋಡಿಯಂ ಅಸಿಟೇಟ್ 0.1 ಮೋಲ್ ಇರುವ ಒಂದು ಲೀಟರ್ ಬಫರ್‌ಗೆ ಅಷ್ಟೇ ಆಮ್ಲ ಸೇರಿಸಿ. 4.76 ಇದ್ದದ್ದು 4.67 ಆಗುತ್ತದೆ. ಹೊಸದಾಗಿ ಬಂದ ಹೈಡ್ರೋಜನ್ ಅಯಾನುಗಳನ್ನು ಅಸಿಟೇಟ್ ಹಿಡಿದುಕೊಂಡು ತಾನೇ ಅಸಿಟಿಕ್ ಆಮ್ಲವಾಗುತ್ತದೆ, ಅದರಿಂದ ಎರಡರ ಅನುಪಾತ ಸ್ವಲ್ಪ ಬದಲಾಗುತ್ತದೆ, ಪಿಎಚ್ ಕೂಡ ಆ ಸ್ವಲ್ಪಕ್ಕೆ ತಕ್ಕಷ್ಟೇ ಇಳಿಯುತ್ತದೆ. ಆಮ್ಲ ಒಳಗೆ ಬಂದಿದೆ, ಬಫರ್ ಅದನ್ನು ತಡೆದುಕೊಂಡಿದೆ. ನೋವು ತಡೆದುಕೊಂಡ ಅಂತೀವಲ್ಲ, ಆ ಅರ್ಥದಲ್ಲಿ. ಹಾಗಾಗಿ 'ತಡೆದುಕೊಳ್ಳುತ್ತದೆ' ಅಥವಾ 'ತಾಳಿಕೊಳ್ಳುತ್ತದೆ' ನನಗೆ ಹೆಚ್ಚು ಸರಿ ಅನ್ನಿಸುತ್ತದೆ. 'ಪ್ರತಿರೋಧಿಸುತ್ತದೆ' ಅಂದರೆ ಅರ್ಥವೇನೋ ಬರುತ್ತದೆ, ಆದರೆ ಮಾತು ಭಾರವಾಗುತ್ತದೆ, ವಿದ್ಯುತ್ತಿನ ಪಾಠದ ರೋಧ, ಓಮ್ ಎಲ್ಲ ಸುಮ್ನೆ ನೆನಪಿಗೆ ಬರುತ್ತವೆ.

ಎರಡನೆಯದು 'ಬಫರ್ ಸಾಮರ್ಥ್ಯ'. 1922ರಲ್ಲಿ ಜೀವರಸಾಯನಶಾಸ್ತ್ರಜ್ಞ ವ್ಯಾನ್ ಸ್ಲೈಕ್ ಇದಕ್ಕೆ ಒಂದು ಅಳತೆ ಕೊಟ್ಟರು, ಬೀಟಾ ಅಕ್ಷರದಿಂದ ಗುರುತಿಸುತ್ತಾರೆ. ಪಿಎಚ್ ತುಸು ಬದಲಾಗಬೇಕಾದರೆ ಲೀಟರಿಗೆ ಎಷ್ಟು ಪ್ರಬಲ ಆಮ್ಲ ಅಥವಾ ಪ್ರತ್ಯಾಮ್ಲ ಬೇಕು ಅನ್ನುವ ದರ ಅದು. ಮೇಲಿನ ಬಫರ್‌ಗೆ ಸುಮಾರು 0.115 ಬರುತ್ತದೆ. ಅದೇ ಬಫರ್‌ಗೆ ನೀರು ಸೇರಿಸಿ ಹತ್ತು ಪಟ್ಟು ತೆಳು ಮಾಡಿದರೆ ಪಿಎಚ್ ಹೆಚ್ಚುಕಡಿಮೆ 4.76ರಲ್ಲೇ ಉಳಿಯುತ್ತದೆ, ಬೀಟಾ ಮಾತ್ರ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಈ ತೆಳು ಬಫರ್‌ನ ಒಂದು ಲೀಟರಿಗೆ ಮೊದಲಿನಷ್ಟೇ ಆಮ್ಲ ಸೇರಿಸಿದರೆ ಅಸಿಟೇಟ್ ಪೂರ್ತಿ ಖರ್ಚಾಗಿ ಪಿಎಚ್ 3.2ರ ಹತ್ತಿರಕ್ಕೆ ಬಂದುಬಿಡುತ್ತದೆ. ಪಿಎಚ್ ಅನ್ನು ನಿರ್ಧರಿಸುವುದು ಅನುಪಾತ, ಬಫರ್ ಎಷ್ಟು ತಾಳುತ್ತದೆ ಅನ್ನುವುದಕ್ಕೆ ಒಟ್ಟು ಪ್ರಮಾಣವೂ ಮುಖ್ಯ. ಕಲಿಯುವವರು ಗೊಂದಲಕ್ಕೆ ಬೀಳುವುದು ಇಲ್ಲೇ.

ಸಾಮರ್ಥ್ಯ ಅಂದಾಗ ಬಫರ್ ಒಟ್ಟು ಎಷ್ಟು ಆಮ್ಲ ಹಿಡಿಸಿಕೊಳ್ಳುತ್ತದೆ ಅನ್ನುವ ಅರ್ಥವೇ ಮೊದಲು ಬರುತ್ತದೆ. ಆದರೆ ಬೀಟಾ ಒಟ್ಟು ಮೊತ್ತವಲ್ಲ. ಆಮ್ಲ, ಅಸಿಟೇಟ್ ಸಮಸಮ ಇದ್ದಾಗ, ಅಂದರೆ ಪಿಎಚ್ ಆ ಆಮ್ಲದ ಪಿಕೆಎಗೆ (ಆಮ್ಲ ಎಷ್ಟು ಪ್ರಬಲ ಅನ್ನುವುದನ್ನು ಹೇಳುವ ಸಂಖ್ಯೆ) ಸಮವಾದಾಗ ಅದು ಅತಿ ಹೆಚ್ಚು, ಅಲ್ಲಿಂದ ಆಚೀಚೆ ಹೋದಂತೆ ಕಡಿಮೆ. ಆಮ್ಲ ಸೇರಿಸುತ್ತಾ ಹೋದ ಹಾಗೆ ಬೀಟಾ ಕೂಡ ಬದಲಾಗುತ್ತಲೇ ಇರುತ್ತದೆ. ಅದಕ್ಕೇ ಇದನ್ನು 'ಬಫರ್ ತಾಳಿಕೆ' ಅನ್ನೋಣ, 'ಸಾಮರ್ಥ್ಯ'ವನ್ನು ಒಟ್ಟು ಹಿಡಿಸುವ ಪ್ರಮಾಣಕ್ಕೆ ಬಿಡೋಣ ಅಂತ ನನ್ನ ಯೋಚನೆ. 'ಈ ದ್ರಾವಣದ ತಾಳಿಕೆ ಜಾಸ್ತಿ' ಅನ್ನುವುದು ಬಾಯಿಗೂ ಸಲೀಸು.

ಒಂದೇ ಅಳುಕು: ವಸ್ತುಗಳ ತಾಳಿಕೆ ಬಾಳಿಕೆ ಅನ್ನುವ ಬಳಕೆ ಇದೆಯಲ್ಲ, ಅದರಿಂದಾಗಿ 'ಬಫರ್ ತಾಳಿಕೆ' ಅಂದರೆ ದ್ರಾವಣ ಎಷ್ಟು ದಿನ ಕೆಡದೆ ಇರುತ್ತದೆ ಅಂತ ನಿಮಗೆ ಕೇಳಿಸುತ್ತದೆಯೇ? ಹಾಗೆ ಕೇಳಿಸಿದರೆ 'ತಾಳುಶಕ್ತಿ' ಆಗಬಹುದಾ, ಅಥವಾ ಇದಕ್ಕಿಂತ ಒಳ್ಳೆಯ ಪದ ನಿಮ್ಮ ಬಳಕೆಯಲ್ಲಿ ಇದೆಯಾ?