ಪದ ಬೇಕು, ತುರ್ತು: ‘ಏರ್ ಚೇಂಜಸ್ ಪರ್ ಅವರ್’

ನಮಸ್ಕಾರ. ಕಿಟಕಿ, ಬಾಗಿಲು ತೆರೆದಿಟ್ಟಾಗ ಮನೆಯೊಳಗೆ ಎಷ್ಟು ಗಾಳಿ ಬರುತ್ತದೆ ಅಂತ ಅಳೆಯುವ ಬಗ್ಗೆ ಒಂದು ಕರಪತ್ರ ಅನುವಾದಿಸುತ್ತಿದ್ದೇನೆ. ನಾಳೆ ಬೆಳಿಗ್ಗೆ ಪ್ರೆಸ್ಸಿಗೆ ಹೋಗಬೇಕು. ಈ ಒಂದು ಮಾತಿಗೆ ಸಿಕ್ಕಿಹಾಕಿಕೊಂಡಿದ್ದೇನೆ. ಲೆಕ್ಕ ಸುಲಭ: ಕೋಣೆ 4 ಮೀಟರ್ ಉದ್ದ, 3 ಅಗಲ, 3 ಎತ್ತರ, ಅಂದರೆ 36 ಘನ ಮೀಟರ್. ಕಿಟಕಿಯಲ್ಲಿ ನಿಜವಾಗಿ ತೆರೆದ ಜಾಗ ಅರ್ಧ ಚದರ ಮೀಟರ್ (ಸ್ಲೈಡಿಂಗ್ ಆದರೆ ಅರ್ಧವೇ ತೆರೆಯೋದು, ಅಲ್ವಾ). ಒಳಬರುವ ಗಾಳಿಯ ವೇಗ ಸೆಕೆಂಡಿಗೆ ಸರಾಸರಿ 0.2 ಮೀಟರ್. ಗಂಟೆಗೆ 360 ಘನ ಮೀಟರ್ ಆಯ್ತು, ಕೋಣೆಯ ಹತ್ತರಷ್ಟು. ಆ ‘10’ಕ್ಕೆ ಏನನ್ನಬೇಕು? ‘ಗಂಟೆಗೆ ವಾಯು ಬದಲಾವಣೆ’ ನಡೆಯುತ್ತಾ?

ಮರು:
ನಡೆಯುವುದಿಲ್ಲ. ಹವಾ ಬದಲಾವಣೆ ಅಂದರೆ ಕಾಯಿಲೆ ಬಿದ್ದವರು ಮಡಿಕೇರಿಗೆ ಹೋಗಿ ಹದಿನೈದು ದಿನ ಇದ್ದು ಬರುವುದು. ‘ವಾತಾಯನ ದರ’ ಎಂದು ಹಾಕಿ. ವಾತ, ಅಯನ. ಸಿದ್ಧ ಪದ ಇದೆ.

ಮರು:
ಸಂಸ್ಕೃತದಲ್ಲಿ ವಾತಾಯನ ಅಂದರೆ ಕಿಟಕಿ, ಸ್ವಾಮಿ. ‘ಕಿಟಕಿ ದರ’ ಅಂದರೆ ಬಡಗಿಯ ರೇಟು ಅಂದುಕೊಳ್ತಾರೆ. ಬಾಡಿಗೆ ಮನೆ ನೋಡೋಕೆ ಹೋದವರೆಲ್ಲ ಕೇಳೋದು ಒಂದೇ, ‘ಗಾಳಿ ಆಡುತ್ತಾ?’ ಗಾಳಿಯಾಟ. ಮುಗೀತು.

ಮರು:
ಗಾಳಿಯಾಟ! ನಮ್ಮ ಕಡೆ ಗಾಳಿ ಸೋಕಿದರೆ ತಾಯತ ಕಟ್ಟಿಸುತ್ತಾರೆ. ಅಷ್ಟೊಂದು ಅಚ್ಚಗನ್ನಡ ಬೇಕಾದರೆ ಮೊದಲು ‘ಕಿಟಕಿ’ ಬಿಡಿ, ಅದು ಹಿಂದಿ-ಮರಾಠಿಯ ಖಿಡಕಿ. ಕೊಂಕಣಿಯವರ ಜನೇಲ್ ಪೋರ್ಚುಗೀಸಿನದು. ಬಚ್ಚಲಿನ ಕಿಂಡಿಗೆ ಗಾರೆ ಕೆಲಸದವನೂ ವೆಂಟಿಲೇಟರ್ ಅಂತಾನೆ. ಸುಮ್ನೆ ವೆಂಟಿಲೇಷನ್ ಅಂತ ಬರೆಯಿರಿ.

ಮರು:
ಖಿಡಕಿ ಬಂದು ಎಷ್ಟು ಕಾಲವಾಯಿತು? ಅದು ನಮ್ಮನೆಯದೇ. ನಿನ್ನೆ ಮೊನ್ನೆಯ ವೆಂಟಿಲೇಷನ್ನಿಗೂ ಅದಕ್ಕೂ ಹೋಲಿಕೆಯೇ? ‘ಗಾಳಿ ಹರಿವು’ ಸಾಕು.

ಮರು:
ಪ್ರಶ್ನೆ ಕೇಳಿದವನು ನಾನೇ. ಹರಿವು ಸಾಲದು. ರಾತ್ರಿ ಬಾಗಿಲು ಮುಚ್ಚಿ, ಒಂದೇ ಕಿಟಕಿ ತೆರೆದು ಊದುಬತ್ತಿ ಹಿಡಿದು ನಿಂತೆ. ಹೊರಗೆ ತಂಪಿತ್ತು. ಕೆಳಗೆ ಹಿಡಿದರೆ ಹೊಗೆ ಒಳಗೆ ಬಂತು, ಮೇಲೆ ಹಿಡಿದರೆ ಹೊರಗೆ ಹೋಯಿತು. ಅದೇ ಕಿಟಕಿ! ಅದಕ್ಕೇ ಗಾಳಿಯ ವೇಗ ಅಳೆಯೋ ಮೀಟರನ್ನು ಕಿಟಕಿಯ ನಾಲ್ಕಾರು ಕಡೆ ಹಿಡಿದು, ಬರೋದು ಬೇರೆ, ಹೋಗೋದು ಬೇರೆ ಬರೆದುಕೊಳ್ಳಬೇಕು. ಕೋಷ್ಟಕದಲ್ಲಿ ‘ಗಂಟೆಗೆ ಎಷ್ಟು ಸಲ ಹೊಸ ಗಾಳಿ’ ಅಂತ ಹಾಕಿ ಕಳಿಸಿದ್ದೇನೆ. ಖಿಡಕಿ ಜಗಳ ಮುಂದುವರಿಯಲಿ.

ಮರು:
‘ಸಲ’ ಅಲ್ಲ, ‘ಸಾರಿ’.