ಸಹಾಯ ಬೇಕು: 1994ರ ಇಂಗ್ಲೆಂಡಿನ ರೇವ್ ಕಾನೂನಿನ ಬಗ್ಗೆ

ಎಲ್ಲರಿಗೂ ನಮಸ್ಕಾರ. ಹಾಡಿನ ಸಾಲೇ ಇಲ್ಲದ ಡ್ಯಾನ್ಸ್ ಮ್ಯೂಸಿಕ್ ರಾಜಕೀಯವನ್ನು ಹೇಗೆ ಹೇಳುತ್ತದೆ ಅಂತ ಒಂದು ಲೇಖನ ಬರೆಯುತ್ತಿದ್ದೇನೆ.

1992ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಕಾಸಲ್‌ಮಾರ್ಟನ್ ಬಯಲಿನಲ್ಲಿ ಸಾವಿರಾರು ಜನ ಸೇರಿ ದಿನಗಟ್ಟಲೆ ಕುಣಿದರು. ಸರ್ಕಾರ ಗಾಬರಿಯಾಯಿತು. 1994ರ ಕಾನೂನು ಇಂಥ ರೇವ್‌ಗಳನ್ನು, ಅಂದರೆ ರಾತ್ರಿಯಿಡೀ ಜೋರು ಡ್ಯಾನ್ಸ್ ಮ್ಯೂಸಿಕ್ ಹಾಕಿ ಕುಣಿಯುವ ಕೂಟಗಳನ್ನು, ನಿಲ್ಲಿಸುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತು, ಅದೂ ಒಂದರ ಹಿಂದೆ ಒಂದು ಮರುಕಳಿಸುವ ಬೀಟ್‌ಗಳು ಅಂತ ಸಂಗೀತವನ್ನೇ ಹೆಸರಿಸಿ! ಇದನ್ನು ಓದಿದಾಗಲೆಲ್ಲ ಸಿಟ್ಟು ಬರುತ್ತದೆ. ಅದೇ ವರ್ಷ ಆಟೆಕರ್ ಅನ್ನುವ ಎಲೆಕ್ಟ್ರಾನಿಕ್ ಸಂಗೀತದ ಜೋಡಿ 'ಆಂಟಿ' ಅನ್ನುವ ರೆಕಾರ್ಡ್ ತಂದಿತು. ಅದರ 'ಫ್ಲಟರ್' ಟ್ರ್ಯಾಕಿನಲ್ಲಿ ಒಂದು ಬಾರ್ (ತಾಳದ ಒಂದು ಸುತ್ತು) ಇದ್ದ ಹಾಗೆ ಇನ್ನೊಂದು ಇಲ್ಲ, ಅಂದರೆ ಬೀಟ್ ಮರುಕಳಿಸುವುದೇ ಇಲ್ಲ; ಆದರೂ ಪೊಲೀಸರು ಬಂದರೆ ಅದನ್ನು ಸಾಬೀತು ಮಾಡಲು ಡಿಜೆಗಳು ಒಬ್ಬ ವಕೀಲರನ್ನೂ ಸಂಗೀತ ತಜ್ಞರನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ ಅಂತ ಕವರಿನ ಸ್ಟಿಕ್ಕರ್ ಮೇಲೆ ಅಚ್ಚು ಹಾಕಿಸಿದ್ದರು. ಎಂಥ ಗಟ್ಟಿ ಉತ್ತರ ಅಲ್ವಾ!

ಈ ಕಾನೂನಿನ ವಿರುದ್ಧ ಲಂಡನ್ನಿನಲ್ಲಿ ನಡೆದ ಮೆರವಣಿಗೆಗಳನ್ನು ಕಣ್ಣಾರೆ ಕಂಡ ಕನ್ನಡಿಗರು ಯಾರಾದರೂ ಇದ್ದೀರಾ? ಆಗಿನ ಕರಪತ್ರ, ಫೋಟೊ, ಪತ್ರಿಕೆಯ ತುಣುಕು ಏನಿದ್ದರೂ ಸರಿ. ಕಾನೂನು ಓದಿದವರು ಇದರಲ್ಲಿ ರೇವ್‌ಗಳ ಬಗ್ಗೆ ಇರುವ 63ನೇ ಸೆಕ್ಷನ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಿದರೆ ತುಂಬಾ ಉಪಕಾರ. ರೇವ್ ಅನ್ನಿಸಿಕೊಳ್ಳಲು ಕನಿಷ್ಠ 100 ಜನ ಸೇರಿರಬೇಕು ಅಂತ ಇದ್ದ ಮಿತಿಯನ್ನು 2003ರಲ್ಲಿ 20ಕ್ಕೆ ಇಳಿಸಿದರು, ಆಮೇಲೆ ಸಣ್ಣ ಪಾರ್ಟಿಗಳ ಗತಿ ಏನಾಯಿತು ಅನ್ನುವುದು ಮುಖ್ಯವಾಗಿ ಬೇಕು. ಕಾಮೆಂಟಿನಲ್ಲೇ ಹಾಕಿ, ಇಲ್ಲಾಂದ್ರೆ ಮೆಸೇಜ್ ಮಾಡಿ.