ಸಹಾಯ ಬೇಕು: ಕಿತ್ತಳೆ ಮುಳ್ಳಿನ ಬದನೆ ಜಾತಿ ಗಿಡ ಹೂ ಉದುರಿಸ್ತಿದೆ

ನಮಸ್ಕಾರ, ನಾನು ರಾಯಚೂರಿನವಳು. ಹೋದ ವರ್ಷ ಬೀಜ ತರಿಸಿ ಸೋಲಾನಮ್ ಪೈರಕ್ಯಾಂಥೋಸ್ ಅನ್ನೋ ಗಿಡ ಬೆಳೆಸಿದೆ. ಮೂಲ ಮಡಗಾಸ್ಕರ್, ಬದನೆಕಾಯಿ ಕುಲದ್ದೇ. ಬೂದಿ ಹಸಿರು ಎಲೆ, ಎಲೆಯ ನಡುನರದ ಮೇಲೂ ಸಾಲಾಗಿ ಕಿತ್ತಳೆ ಬಣ್ಣದ ಮುಳ್ಳು, ಬಿಸಿಲು ಬಿದ್ದರೆ ಕೆಂಡದ ಹಾಗೆ ಹೊಳೆಯುತ್ತೆ. ನಮ್ಮ ಅತ್ತೆ ಮಾತ್ರ "ನೆಲಗುಳ್ಳ ಹೊಲದ ಬದುವಿನಾಗ ಬೇಕಾದಷ್ಟು ಐತಿ, ರೊಕ್ಕ ಕೊಟ್ಟು ಮುಳ್ಳು ತರೋದಾ" ಅಂತ ದಿನಾ ನಗ್ತಾರೆ.

ಚಳಿಗಾಲದಲ್ಲಿ ನೇರಳೆ ಹೂ ಚೆನ್ನಾಗಿ ಬಂತು. ಈಗ ಬಿಸಿಲು 40 ಡಿಗ್ರಿ ದಾಟಿದ ಮೇಲೆ ಹೂ ಎಲ್ಲಾ ತೊಟ್ಟಿನ ಸಮೇತ ಉದುರುತ್ತಿದೆ, ಎಲೆ ಮೇಲೆ ಸಣ್ಣ ಹಳದಿ ಚುಕ್ಕಿ, ತಿರುಗಿಸಿ ನೋಡಿದರೆ ಕೆಳಗೆ ತೆಳ್ಳನೆ ಬಲೆ, ಅದರಲ್ಲಿ ಸಾಸಿವೆಗಿಂತ ಸಣ್ಣ ಕೆಂಪು ಹುಳ ಓಡಾಡುತ್ತವೆ. ನುಸಿನೇ ಇರಬೇಕು, ಅಲ್ವಾ? ಪೈಪಿನಿಂದ ಎಲೆಯ ಕೆಳಗೆ ಜೋರಾಗಿ ನೀರು ಹೊಡೆದೆ, ಎರಡು ದಿನ ಕಮ್ಮಿ ಆಗಿ ಮತ್ತೆ ಬಂತು. ಬೇವಿನೆಣ್ಣೆ ಸಂಜೆ ಹೊತ್ತು ಹೊಡೆಯಬಹುದಾ, ಈ ಬಿಸಿಲಿಗೆ ಎಲೆ ಸುಡಲ್ವಾ?

ಇನ್ನೊಂದು, ಕುಂಡದಲ್ಲಿ ಸುಮ್ನೆ ಎರೆಮಣ್ಣು ತುಂಬಿಬಿಟ್ಟಿದ್ದೆ, ನೀರು ಇಂಗೋದೇ ಇಲ್ಲ. ಮರಳು ಬೆರೆಸಿ ಈಗಲೇ ಬದಲಿಸಲಾ, ಮಳೆ ಬರೋವರೆಗೆ ಕಾಯಲಾ? ಅರ್ಧಕ್ಕೆ ಕತ್ತರಿಸಿದರೆ ಚಿಗುರುತ್ತಾ?

ಗಿಡ ಪೂರ್ತಿ ವಿಷ ಅಂತ ಗೊತ್ತು, ಮಕ್ಕಳ ಕೈಗೆ ಸಿಗದ ಹಾಗೆ ಮಾಳಿಗೆ ಮೇಲೆ ಇಟ್ಟಿದ್ದೀನಿ. ನಮ್ಮ ಕಡೆ ಬಿಸಿಲಲ್ಲಿ ಬೆಳೆಸಿದವರು ಇದ್ದರೆ ದಯವಿಟ್ಟು ಹೇಳಿ.